ರಾಜಧಾನಿ ಪರವೂರಾದಾಗ: ಮುಂಬಯಿಯ ಕನ್ನಡ ಸಂಸ್ಥೆಗಳು ಮತ್ತು ಅಥಣಿ ಸೀಮೆ

ಮುಂಬಯಿಯ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. 2026 ಅದರ ನೂರನೆಯ ವರ್ಷ. ಮರುವರ್ಷವೇ ಬಂಟರ ಸಂಘಕ್ಕೂ ನೂರು ತುಂಬುತ್ತದೆ. ಬಿಲ್ಲವರ ಅಸೋಸಿಯೇಶನ್ 1932ರದು, ಕರ್ನಾಟಕ ಸಂಘ 1933ರದು, ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ 1939ರದು. ಮೊಗವೀರ ವ್ಯವಸ್ಥಾಪಕ ಮಂಡಳಿಯಂತೂ ಇವಕ್ಕೆಲ್ಲ ಹಿರಿಯಕ್ಕ, 1902ರಲ್ಲೇ ಕಟ್ಟಿದ್ದು. ನೂರರ ಹಬ್ಬಗಳು ಸಾಲುಗಟ್ಟಿರುವ ಈ ಹೊತ್ತಿನಲ್ಲಿ ಹೊರಬರುವ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಒಂದೇ ವಿವರಣೆ ಇರುತ್ತದೆ: ಊರು ಬಿಟ್ಟು ಬಂದ ಕನ್ನಡಿಗರು ತಾಯ್ನುಡಿಯ ಮೇಲಿನ ಅಭಿಮಾನದಿಂದ ಪರನಾಡಿನಲ್ಲಿ ಕನ್ನಡದ ಮನೆ ಕಟ್ಟಿದರು. ಈ ಮಾತಿನಲ್ಲಿ ಗೌರವವಿದೆ, ಆದರೆ ವಿವರಣೆಯಾಗಿ ಇದು ಸಾಲದು. ಏಕೆಂದರೆ ಈ ಸಂಸ್ಥೆಗಳ ಹಳೆಯ ಹೆಸರುಗಳ ನಡುವೆ ಹುಡುಕುತ್ತ ಹೋದರೆ ಎದುರಾಗುವುದು ಹೆಚ್ಚಾಗಿ ಮಂಗಳೂರು, ಉಡುಪಿ, ಕುಂದಾಪುರ, ಹೊನ್ನಾವರ, ಕುಮಟೆಗಳ ಕಡೆಯವರು. ಮುಂಬಯಿ ಸರಕಾರದ ಆಳ್ವಿಕೆಯಲ್ಲೇ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹೆಸರುಗಳು ವಿರಳ. ದಕ್ಷಿಣ ಕನ್ನಡವೋ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಹೆಚ್ಚಾಗಿ ಬೇರೆ ಪ್ರಾಂತದವರು ಬಂದು ಕನ್ನಡದ ಮನೆ ಕಟ್ಟಿದರು, ಅದೇ ಪ್ರಾಂತದ ಒಳನಾಡಿನ ಕನ್ನಡಿಗರು ಕಟ್ಟಲಿಲ್ಲ. ಅಭಿಮಾನವೊಂದೇ ಕಾರಣವಾಗಿದ್ದರೆ ಹೀಗೆ ಆಗಬೇಕಿರಲಿಲ್ಲ.

ಕಾರಣದ ಮೊದಲ ಎಳೆ ಆಡಳಿತದ ನಕ್ಷೆಯಲ್ಲೇ ಇದೆ. ಅಥಣಿಯವರ ಪಾಲಿಗೆ 1956ರವರೆಗೆ ಮುಂಬಯಿ ಪರವೂರಾಗಿರಲಿಲ್ಲ, ರಾಜಧಾನಿಯಾಗಿತ್ತು. ಬೆಳಗಾವಿಯ ಜಿಲ್ಲಾ ನ್ಯಾಯಾಲಯದ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು, ಕಾಲೇಜು ಕಟ್ಟೆ ಹತ್ತಿದವನ ಪದವಿಯ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ ಇರುತ್ತಿತ್ತು, ಜಿಲ್ಲೆ ಆರಿಸಿ ಕಳಿಸಿದ ಶಾಸಕ ಕೂರುತ್ತಿದ್ದುದು ಅಲ್ಲಿಯ ಸಭೆಯಲ್ಲಿ. ನೆರೆಯ ಜಮಖಂಡಿಯ ಬಿ.ಡಿ. ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗುವ ಮೊದಲು ಮುಂಬಯಿ ಸರಕಾರದಲ್ಲಿ ಉಪಮಂತ್ರಿಯಾಗಿದ್ದರು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೂ 1949ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲೇ ಕೆಲಸ ಆರಂಭಿಸಿ, ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು. ಕನ್ನಡ ನಾಡಿನ ಒಂದು ದೊಡ್ಡ ವಿದ್ಯಾಸಂಸ್ಥೆಯೇ ಮುಂಬಯಿಯಿಂದ ಇತ್ತ ವಲಸೆ ಬಂದದ್ದು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸ್ವಂತ ರಾಜಧಾನಿಗೆ ಹೋದವನು ಅಲ್ಲಿ ‘ನಮ್ಮವರ ಸಂಘ’ ಕಟ್ಟಲು ಮುಂದಾಗುವುದು ಅಪರೂಪ. ಅವನಿಗೆ ಅಲ್ಲಿ ವಕೀಲನಿದ್ದಾನೆ, ದಲಾಲನಿದ್ದಾನೆ, ಸರಕಾರಿ ಕಚೇರಿಯಿದೆ. ಕೆಲಸ ಮುಗಿಸಿ ಮರಳುವ ದಾರಿಯಿದೆ. ಮದ್ರಾಸ್ ಪ್ರಾಂತದಿಂದ ಹಡಗು ಹತ್ತಿ ಬಂದು ಇಳಿದವನಿಗೆ ಇವು ಯಾವುವೂ ಇರಲಿಲ್ಲ. ಸಂಘ ಅವನಿಗೆ ಮಲಗುವ ಜಾಗದಷ್ಟೇ ಅಗತ್ಯವಾಗಿತ್ತು.

ಎರಡನೆಯ ಎಳೆ ಇನ್ನೂ ಕುತೂಹಲದ್ದು. ಮುಂಬಯಿಯಲ್ಲಿ ಕನ್ನಡ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಬಹುಪಾಲು ಜನರ ಮನೆಮಾತು ಕನ್ನಡವಾಗಿರಲಿಲ್ಲ. ಮೊಗವೀರರಲ್ಲಿ ಅನೇಕರು, ಬಿಲ್ಲವರು, ಬಂಟರು ಮನೆಯಲ್ಲಿ ಆಡುವುದು ತುಳು. ಚಿತ್ರಾಪುರ ಸಾರಸ್ವತರು ಆಡುವುದು ಕೊಂಕಣಿ. ಆದರೂ ಅವರ ರಾತ್ರಿಶಾಲೆಯ ಹಲಗೆಯ ಮೇಲೆ ಬರೆದದ್ದು ಕನ್ನಡ, ಮಾಸಪತ್ರಿಕೆ ಕನ್ನಡ, ಯಕ್ಷಗಾನದ ಪ್ರಸಂಗ ಕನ್ನಡ, ಮನಿಆರ್ಡರಿನ ತುಂಡಿನ ಮೇಲೆ ತಾಯಿಗೆ ಬರೆದ ಎರಡು ಸಾಲೂ ಕನ್ನಡ. ಏಕೆಂದರೆ ಅವರಿಗೆ ಕನ್ನಡ ಶಾಲೆಯ ಭಾಷೆಯಾಗಿತ್ತು, ಕಾಗದದ ಭಾಷೆಯಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ 1841ರಿಂದಲೇ ಕನ್ನಡ ಅಚ್ಚು ಹಾಕುತ್ತಿತ್ತು. ಆ ಕರಾವಳಿಯ ಶಾಲೆಗಳಲ್ಲಿ ಓದು ಎಂದರೆ ಕನ್ನಡ ಓದು. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕೋ ಐದೋ ತರಗತಿ ಮುಗಿಸಿ, ಮಾಟುಂಗ ಫೋರ್ಟುಗಳ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗನಿಗೆ ಓದು ಮುಂದುವರಿಸಲು ಇದ್ದದ್ದು ಆ ಭಾಷೆಯೊಂದೇ. ಮೊಗವೀರರ ಉಚಿತ ರಾತ್ರಿಶಾಲೆ 1908ರಲ್ಲಿ ಶುರುವಾದದ್ದೂ, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆದದ್ದೂ ಈ ಅಗತ್ಯದಿಂದ. ಮಹಾನಗರದಲ್ಲಿ ಮನುಷ್ಯನನ್ನು ಮನುಷ್ಯನಿಗೆ ಹೊಲಿಯುವ ದಾರ ತಾಯ್ನುಡಿಗಿಂತ ಹೆಚ್ಚಾಗಿ ಕಲಿತ ಲಿಪಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗಲಾರದು. 1951ರಲ್ಲಿ ಮುಂಬಯಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಮಂಜೇಶ್ವರದ ಎಂ. ಗೋವಿಂದ ಪೈ. ಮನೆಯಲ್ಲಿ ಕೊಂಕಣಿ, ಊರು ಮದ್ರಾಸ್ ಪ್ರಾಂತದಲ್ಲಿ, ಬರಹ ಕನ್ನಡದಲ್ಲಿ. ಮುಂದೆ ಐದೇ ವರ್ಷಕ್ಕೆ ಅವರ ಊರು ಕೇರಳಕ್ಕೆ ಸೇರಿಹೋಯಿತು. ಮುಂಬಯಿಯನ್ನು ಕನ್ನಡ ಸಾಹಿತ್ಯದೊಳಗೆ ತಂದ ವ್ಯಾಸರಾಯ ಬಲ್ಲಾಳ, ‘ಶಿಕಾರಿ’ಯ ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಮೂವರೂ ಕರಾವಳಿಯವರೇ.

ಸಾರಸ್ವತರ ಕತೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸಂಸ್ಥೆ ಎಂದರೆ ಏನು ಎಂಬುದನ್ನು ಅವರು ಬಹಳ ಮೊದಲೇ ಅರಿತಿದ್ದರು. ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರ ಡಿಸೆಂಬರಿನಲ್ಲಿ ಶಾಮರಾವ್ ವಿಠಲ ಕಾಯ್ಕಿಣಿಯವರ ನೆನಪಿಗೆ ಸಹಕಾರಿ ಸಾಲ ಸಂಘ ಕಟ್ಟಿದರು. ಸಹಕಾರ ಕಾಯಿದೆ ಬಂದು ಆಗಿನ್ನೂ ಎರಡೇ ವರ್ಷ. ಅದಕ್ಕೆ ಸ್ವಲ್ಪ ಮೊದಲು, 1905ರಲ್ಲಿ, ಇದೇ ಮುಂಬಯಿ ಪ್ರಾಂತದ ಇನ್ನೊಂದು ಮೂಲೆಯಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರು ರೈತರ ಸಂಘ ಕಟ್ಟಿದ್ದರು. ಹಳ್ಳಿಯ ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸಲು ಹುಟ್ಟಿದ ಸಾಧನವನ್ನು ತಲ್ಮಕಿಯವರು ನಗರದ ಗುಮಾಸ್ತನಿಗೆ ಒಗ್ಗಿಸಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ನಿರ್ಮಾಣ ಸಂಘ ಬಂತು; ದೇಶದ ಸಹಕಾರಿ ವಸತಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಬಾಡಿಗೆಯ ಖೋಲಿಯಿಂದ ಖೋಲಿಗೆ ಅಲೆಯುತ್ತಿದ್ದ ಕುಟುಂಬಗಳಿಗೆ ನಿಶ್ಚಿತ ಸೂರು ಸಿಕ್ಕಿತು. ಮುಂದೆ 1978ರಲ್ಲಿ ಬಿಲ್ಲವರು ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಆರಂಭಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆಯಿದೆ. ಸಾಲ, ಸೂರು, ಓದು: ಈ ಮೂರು ಮೊದಲು ಬಂದವು. ನಾಟಕ, ಸನ್ಮಾನ, ರಾಜ್ಯೋತ್ಸವಗಳು ಆಮೇಲೆ ಬಂದವು. ಸಂಚಿಕೆಗಳ ಫೋಟೋಗಳಲ್ಲಿ ಈ ಕ್ರಮ ತಿರುವುಮುರುವಾಗಿ ಕಾಣುತ್ತದೆ, ಸನ್ಮಾನವೇ ಮುಂದೆ ನಿಂತುಬಿಡುತ್ತದೆ.

ಇನ್ನು ಅಥಣಿ ಸೀಮೆ. ಇಲ್ಲಿಯವರು ಹೊರಗೆ ಹೋಗದ ಜನವೇನಲ್ಲ. 17ನೆಯ ಶತಮಾನದಲ್ಲಿ ಬಂದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ ಗೋವೆಗೂ ವಿಜಾಪುರಕ್ಕೂ ನಡುವಿನ ದೊಡ್ಡ ಪೇಟೆಯಾಗಿ ಅಥಣಿಯನ್ನು ಹೆಸರಿಸಿದ್ದಾನೆ. ಆದರೆ ರೈಲು ಬಂದಾಗ ಅದು ಪೇಟೆಗೆ ಬರಲಿಲ್ಲ. ಶೇಡಬಾಳ, ಉಗಾರ, ಕುಡಚಿಗಳ ಮೇಲೆ ಹಾದುಹೋಯಿತು. ಆ ಮೀಟರ್‌ಗೇಜ್ ಹಳಿ ಹಿಡಿದು ಹೊರಟವನಿಗೆ ಮೊದಲು ಸಿಗುವುದು ಮಿರಜ, ಆಮೇಲೆ ಪುಣೆ; ಅಲ್ಲಿ ಗಾಡಿ ಬದಲಿಸಿದರೆ ಮುಂಬಯಿ. ದಾರಿಯುದ್ದಕ್ಕೂ ಕಿವಿಗೆ ಬೀಳುವ ಮಾತು ಮರಾಠಿ, ಅದು ಅವನಿಗೆ ಸಂತೆಯಲ್ಲೇ ಬಂದ ಭಾಷೆ. ಶಾಲೆಯ ಮಾತೂ ಹಾಗೆಯೇ. ಬೆಳಗಾವಿ ಧಾರವಾಡಗಳ ಸರಕಾರಿ ಶಾಲೆಗಳಲ್ಲಿ ಮೊದಮೊದಲು ಮರಾಠಿಯದೇ ಮೇಲುಗೈ. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಹೋರಾಡಿ ಕನ್ನಡ ಶಾಲೆಗಳನ್ನು ಬೆಳೆಸಬೇಕಾಯಿತು. ಹೀಗೆ ಮನೆಯಲ್ಲಿ ತುಳು ಆಡುವವನಿಗೆ ಕನ್ನಡ ಲಿಪಿ ಸಿಕ್ಕ ಕಾಲದಲ್ಲೇ, ಮನೆಯಲ್ಲಿ ಕನ್ನಡ ಆಡುವ ಗಡಿಯವನಿಗೆ ಹಲವೆಡೆ ಮೋಡಿ, ಬಾಳಬೋಧ ಲಿಪಿಗಳೇ ಸಿಕ್ಕಿದ್ದವು. ಮುಂಬಯಿಯ ಹತ್ತಿ ಗಿರಣಿಗಳಿಗೆ ಆಳು ಒದಗಿಸಿದ್ದು ಹೆಚ್ಚಾಗಿ ರತ್ನಾಗಿರಿ, ಸಾತಾರಾ, ಕೊಲ್ಹಾಪುರ ಜಿಲ್ಲೆಗಳು. ಗಡಿಯ ಕನ್ನಡಿಗ ಆ ಸಾಲಿನ ಕೊನೆಗೆ ಸೇರಿಕೊಂಡರೆ ನಗರದ ಕಣ್ಣಿಗೆ ಅವನೂ ಘಾಟಿನವನೇ, ಮರಾಠಿಯವನೇ. ಜೊತೆಗೆ ಹತ್ತಿರದಲ್ಲೂ ಕೆಲಸವಿತ್ತು: ನಿಪ್ಪಾಣಿಯಲ್ಲಿ ತಂಬಾಕು, ಇಚಲಕರಂಜಿಯಲ್ಲಿ ಮಗ್ಗ, 1939ರಿಂದ ಉಗಾರದಲ್ಲಿ ಸಕ್ಕರೆ ಕಾರ್ಖಾನೆ. ಹಂಗಾಮಿಗೆ ಹೋಗಿ ಹಬ್ಬಕ್ಕೆ ಮರಳುವವನು ಕಾಯಂ ಸಂಘದ ಚಂದಾದಾರನಾಗುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಮರಾಠಿ ಬಲ್ಲವರಿಗೆ ನಗರ ಸಲೀಸಾಗಿ ಬಾಗಿಲು ತೆರೆಯಿತು. ಸಂಘವಿಲ್ಲದಿದ್ದರೆ ಅವರಿಗೆ ಆದ ನಷ್ಟವೇನು? ಎರಡು ಭಾಷೆ ಬಲ್ಲವನು ಎರಡೂ ದಡದವನಲ್ಲವೇ? ಈ ವಾದದಲ್ಲಿ ಅರ್ಧ ನಿಜವಿದೆ. ಅಥಣಿ ಕಾಗವಾಡಗಳ ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಎರಡು ಭಾಷೆ ಹೊಕ್ಕು ಬರುವುದು ಈ ನೆಲದ ಸಂಪತ್ತು, ಅದನ್ನು ಕಳೆದುಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ನಕ್ಷೆ ಬದಲಾದಾಗ ಏನಾಯಿತು ನೋಡಿ. 1956ರ ನವೆಂಬರ್ 1ರಂದು ಅಥಣಿ ಮೈಸೂರು ರಾಜ್ಯಕ್ಕೆ ಸೇರಿತು. 1960ರ ಮೇ 1ರಂದು ಮುಂಬಯಿ ಮಹಾರಾಷ್ಟ್ರದ ರಾಜಧಾನಿಯಾಯಿತು. ಮುಂಬಯಿಯ ಚಾಳಿನಲ್ಲಿದ್ದ ಗಡಿನಾಡಿನವನು ಕೂತಲ್ಲೇ ಹೊರರಾಜ್ಯದವನಾದ. ಹೊಸದಾಗಿ ವಲಸೆ ಹೋಗದೆಯೇ ವಲಸಿಗನಾದ. 1966ರಲ್ಲಿ ಹುಟ್ಟಿದ ಶಿವಸೇನೆ ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ ತಿರುಗಿಬಿತ್ತು. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ 247 ಹಳ್ಳಿಗಳನ್ನು ಮೈಸೂರಿಗೂ ಕೊಡಬೇಕೆಂದಿತು. ಅದರ ಬೆನ್ನಿಗೇ, 1969ರ ಫೆಬ್ರವರಿಯಲ್ಲಿ, ನಮ್ಮ ಹೊಲಗದ್ದೆಗಳ ಜಗಳ ಮುಂಬಯಿಯ ಬೀದಿಗಳಲ್ಲಿ ಬೆಂಕಿಯಾಗಿ ಉರಿಯಿತು. ಆಗ ಕರಾವಳಿಯವರ ಹಿಂದೆ ಸಂಘಗಳಿದ್ದವು, ಅವುಗಳ ಪದಾಧಿಕಾರಿಗಳಿದ್ದರು, ಸರಕಾರದ ಬಾಗಿಲು ಬಡಿಯಲು ಒಂದು ಹೆಸರಿತ್ತು. ಗಡಿಯ ಕನ್ನಡಿಗನಿಗೆ ಇದ್ದ ಆಸರೆಯೆಂದರೆ ತನ್ನ ಮರಾಠಿ. ಬಾಯಿ ತೆರೆದು ಮರಾಠಿ ಆಡಿ ಅವನು ಉಳಿದುಕೊಂಡ, ಆದರೆ ತಾನು ಎಲ್ಲಿಯವನೆಂದು ಹೇಳದೆ ಉಳಿದುಕೊಂಡ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ. ತುಳು, ಕೊಂಕಣಿ ಅದರೊಳಗಿಲ್ಲ, ಅವು ಬೇರೆ ಲೆಕ್ಕ. ಆ 10 ಲಕ್ಷದಲ್ಲಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಮೂಲನಿವಾಸಿ ಕನ್ನಡಿಗರ ಪಾಲು ದೊಡ್ಡದು. ಮುಂಬಯಿಗೆ ಹೋಗಿ ಮರಾಠಿಯಲ್ಲಿ ಕರಗಿದವರು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪಣೆ ಬೇರೆ ದಿಕ್ಕಿನಿಂದ ಬರುತ್ತದೆ. ಮೊಗವೀರ, ಬಿಲ್ಲವ, ಬಂಟ, ಸಾರಸ್ವತ: ಇವು ಜಾತಿ ಸಂಘಗಳು, ಇವನ್ನು ಕನ್ನಡ ಸಂಸ್ಥೆಗಳೆಂದು ಕರೆಯುವುದು ಸರಿಯೇ? ಜಾತಿಯ ಗೋಡೆಯನ್ನು ಹಡಗಿನಲ್ಲಿ ಹೇರಿಕೊಂಡು ಹೋಗಿ ಮಹಾನಗರದಲ್ಲೂ ಎಬ್ಬಿಸಿದರಲ್ಲ ಎಂಬ ಟೀಕೆ ಹಗುರದ್ದಲ್ಲ. ಆದರೂ ಎರಡು ಮಾತು ಹೇಳಬೇಕು. ಊರಿನಲ್ಲಿ ಮೀನು ಹಿಡಿಯುವ, ಸೇಂದಿ ಇಳಿಸುವ ಕುಲದ ಹುಡುಗನಿಗೆ ಶಾಲೆಯ ಬಾಗಿಲೇ ಅರೆಬರೆ ತೆರೆದಿದ್ದ ಕಾಲದಲ್ಲಿ, ಅವನ ಸಮುದಾಯವೇ ಮುಂದೆ ನಿಂತು ರಾತ್ರಿಶಾಲೆ ನಡೆಸಿದ್ದು ಜಾತಿಯ ಬಿಗಿತವನ್ನು ಸಡಿಲಿಸಿದ ಕೆಲಸ. ಮತ್ತೆ, ಜಾತಿಯ ಹೆಸರಿಲ್ಲದೆ ನಾಡಿನ ಹೆಸರನ್ನೇ ಹೊತ್ತ ಸಂಸ್ಥೆಗಳೂ ಅದೇ ಕಾಲದಲ್ಲಿ ಎದ್ದವು. ‘ಕರ್ನಾಟಕ’ ಎಂಬುದು ರಾಜ್ಯದ ಹೆಸರಾದದ್ದು 1973ರಲ್ಲಿ. ಅದಕ್ಕೆ 40 ವರ್ಷ ಮೊದಲೇ ಮುಂಬಯಿಯ ಕರ್ನಾಟಕ ಸಂಘ ಆ ಹೆಸರಿನ ಫಲಕ ತೂಗುಹಾಕಿತ್ತು. ಮುಂಬಯಿ, ಮದ್ರಾಸ್, ಮೈಸೂರು, ಹೈದರಾಬಾದು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೇ ಚಾವಣಿಯಡಿ ಸೇರಲು ಸಾಧ್ಯವಿದ್ದ ಕೆಲವೇ ತಾಣಗಳಲ್ಲಿ ಮುಂಬಯಿ ಒಂದು. ಆದರೆ ಜಾತಿ ಸಂಘದ ಬಲ ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು: ಹೋಟೆಲಿನ ಗಲ್ಲಾ, ಬ್ಯಾಂಕಿನ ನೌಕರಿ, ಒಬ್ಬ ಮುಂದೆ ಹೋಗಿ ಹತ್ತು ಜನರನ್ನು ಕರೆಸಿಕೊಳ್ಳುವ ಏರ್ಪಾಟು. ಆ ಏರ್ಪಾಟು ಇಲ್ಲದವರಿಗೆ ಯಾರೂ ಸಂಘ ಕಟ್ಟಿಕೊಡಲಿಲ್ಲ. ಹಾಗೆ ಹೊರಗುಳಿದವರು ನಮ್ಮ ಸೀಮೆಯಿಂದಲೇ ಹೋಗಿದ್ದರು.

ಬೆಳಗಾವಿ ಜಿಲ್ಲೆಯಿಂದ ಮುಂಬಯಿಗೆ ಹೋದವರ ಚರಿತ್ರೆಯಲ್ಲಿ ಅತ್ಯಂತ ನೋವಿನ ಪುಟ ದೇವದಾಸಿ ಮಾಡಲ್ಪಟ್ಟ ಹೆಣ್ಣುಮಕ್ಕಳದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಕುಟುಂಬಗಳ ಬಾಲೆಯರನ್ನು ಪುಣೆಗೆ, ಸಾಂಗಲಿಗೆ, ಮುಂಬಯಿಯ ಕಾಮಾಠಿಪುರಕ್ಕೆ ಸಾಗಿಸಿದ ದಾರಿ ನಮ್ಮದೇ ತಾಲೂಕುಗಳ ಮೇಲೆ ಹಾದುಹೋಗಿತ್ತು. ಅವರೂ ಮನೆಮಾತು ಕನ್ನಡವಿದ್ದ ಮುಂಬಯಿಯ ಕನ್ನಡಿಗರೇ. ಅವರೂ ಮನಿಆರ್ಡರ್ ಕಳಿಸಿದರು, ತಮ್ಮಂದಿರನ್ನು ಓದಿಸಿದರು, ಊರಿನಲ್ಲಿ ಮನೆ ಕಟ್ಟಿಸಿದರು. ಮುಂಬಯಿ ಕನ್ನಡಿಗರ ಸಂಚಿಕೆಗಳಲ್ಲಿ ಅವರಿಗೆ ಒಂದು ಪ್ಯಾರಾ ಸಿಗುವುದೂ ಅಪರೂಪ. ಈ ವಿಷಯ ಎತ್ತಿದರೆ ಊರಿನ ಹೆಸರು ಕೆಡುತ್ತದೆ, ಶುಭ ಸಂದರ್ಭಕ್ಕೆ ತಕ್ಕುದಲ್ಲ ಎನ್ನುವವರಿದ್ದಾರೆ. ಊರಿನ ಹೆಸರು ಕೆಟ್ಟದ್ದು ಅವರನ್ನು ಕಳಿಸಿದಾಗ, ನೆನೆದಾಗ ಅಲ್ಲ. ಕಾನೂನುಗಳು ಬಂದವು: 1934ರಲ್ಲಿ ಮುಂಬಯಿ ಪ್ರಾಂತದ್ದು, 1982ರಲ್ಲಿ ಕರ್ನಾಟಕದ್ದು. ಆದರೆ ರಾಜ್ಯದ ಕಾಯಿದೆ ರಾಜ್ಯದ ಗಡಿಗೆ ನಿಲ್ಲುತ್ತದೆ, ಬಸ್ಸು ಗಡಿ ದಾಟಿ ಮುಂದೆ ಹೋಗುತ್ತದೆ. ಈ ಕಂದರಕ್ಕೆ ಸೇತುವೆ ಕಟ್ಟಿದವರು ಕೊನೆಗೆ ಆ ಹೆಣ್ಣುಮಕ್ಕಳೇ. 1990ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಒತ್ತಾಸೆಯಿಂದ, ಮಾಜಿ ದೇವದಾಸಿಯರೇ ಸೇರಿ ಬೆಳಗಾವಿ ಜಿಲ್ಲೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ‘ಮಾಸ್’ ಕಟ್ಟಿದರು. ಅದನ್ನು ಮುನ್ನಡೆಸಿದ ಚಿಕ್ಕೋಡಿ ಕಡೆಯ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ರಾತ್ರಿಶಾಲೆ ಕರಾವಳಿಯ ಹುಡುಗನಿಗೆ ಮುಂಬಯಿಯಲ್ಲಿ ಮಾಡಿದ ಕೆಲಸವನ್ನು ಮಾಸ್ ಊರಿನಲ್ಲೇ ಕೂತು ಮಾಡಿತು: ಸ್ವಸಹಾಯ ಗುಂಪು, ಮಕ್ಕಳ ಓದು, ಹೊಸ ಮುತ್ತು ಕಟ್ಟದಂತೆ ಕಾವಲು. ಹೋದವರಿಗಾಗಿ ಹೋದ ಊರಿನಲ್ಲಿ ಸಂಸ್ಥೆ ಕಟ್ಟುವುದು ಒಂದು ರೀತಿ. ಹೊರಟ ಊರಿನಲ್ಲಿ ಕಟ್ಟುವುದು ಇನ್ನೊಂದು ರೀತಿ. ಗಡಿನಾಡಿನ ಚರಿತ್ರೆಯಲ್ಲಿ ಎರಡನೆಯದಕ್ಕೆ ಹೆಚ್ಚಿನ ತೂಕವಿದೆ ಎಂಬುದು ಈ ಲೇಖನದ ನಿಲುವು.

ಇದೇ ದೃಷ್ಟಿಯಿಂದ ಬಿ.ಎಚ್. ವರಾಳೆಯವರನ್ನೂ ನೆನೆಯಬೇಕು. ಡಾ. ಅಂಬೇಡ್ಕರ್ ಅವರು 1925ರಲ್ಲಿ ಮುಂಬಯಿಯಿಂದ ನಿಪ್ಪಾಣಿಗೆ ಬಂದು ಪ್ರಾಂತದ ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತನಾಡಿದರು. ಅವರ ಒಡನಾಡಿ ವರಾಳೆ ಧಾರವಾಡದಲ್ಲಿ ದಲಿತ ಹುಡುಗರ ವಸತಿನಿಲಯ ನಡೆಸಿದರು, 1937ರಲ್ಲಿ ಬೆಳಗಾವಿ ಉತ್ತರದಿಂದ ಆರಿಸಿ ಮುಂಬಯಿ ಶಾಸನಸಭೆಗೆ ಹೋದರು. ಮಾಟುಂಗದ ಯಾವ ಕನ್ನಡ ಸಂಘದ ಪಟ್ಟಿಯಲ್ಲೂ ಹುಡುಕಬೇಕಾಗಿಲ್ಲದ ಇನ್ನೊಂದು ಮುಂಬಯಿ ನಂಟು ಇದು.

ಅಥಣಿಯ ಚಪ್ಪಲಿಯ ಕತೆಗೂ ಗಡಿಯವನ ಗುರುತು ಮರೆಯಾದ ಈ ಕತೆಗೂ ಹತ್ತಿರದ ಸಂಬಂಧವಿದೆ. ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಿಂದ, ಮೊಳೆಯಿಲ್ಲದೆ ಕೈಯಲ್ಲೇ ಹೊಲಿದ ಚಪ್ಪಲಿ ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ತಯಾರಾಗಿ ಕೊಲ್ಹಾಪುರದ ಪೇಟೆಯ ಹೆಸರು ಹೊತ್ತು ಜಗತ್ತಿಗೆ ಹೋಯಿತು. ಮುಂಬಯಿಯಲ್ಲಿ ಗಡಿಯ ಕನ್ನಡಿಗ ಮರಾಠಿಯವನಾದ ಹಾಗೆ, ಅವನು ಹೊಲಿದದ್ದು ಕೊಲ್ಹಾಪುರಿಯಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಅಸೆಂಟ್ ಸಂಸ್ಥೆಯ ನೆರವಿನಿಂದ ಇಲ್ಲಿಯ ಕುಶಲಕರ್ಮಿಗಳು, ಅದರಲ್ಲೂ ವೇಣಿ ಹೆಣೆಯುವ, ಪಟ್ಟಿ ಹೊಲಿಯುವ ಹೆಣ್ಣುಮಕ್ಕಳು, ‘ಟೋಹೋಲ್ಡ್’ ಎಂಬ ಸ್ವಂತ ಹೆಸರಿನಲ್ಲಿ ಒಟ್ಟಾಗಿ ವಿದೇಶಕ್ಕೆ ಮಾಲು ಕಳಿಸಿದರು. 2019ರಲ್ಲಿ ಭೌಗೋಳಿಕ ಸೂಚಿ ಬಂದಾಗ ಅದು ಎರಡು ರಾಜ್ಯಗಳಿಗೆ ಜಂಟಿಯಾಗಿ ಬಂತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಹೆಸರು ಕೊಲ್ಹಾಪುರಿಯೇ ಉಳಿದದ್ದಕ್ಕೆ ಬೇಸರಪಡುವವರಿದ್ದಾರೆ, ಅದು ಸಹಜ. ಆದರೆ ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿ ನಿಂತಿರುವಾಗಲೇ ಎರಡೂ ಸರಕಾರಗಳ ಚರ್ಮ ನಿಗಮಗಳು ಒಂದೇ ಕಾಗದಕ್ಕೆ ಸಹಿ ಹಾಕಿದವು ಎಂಬುದಕ್ಕೆ ಆ ಬೇಸರಕ್ಕಿಂತ ಹೆಚ್ಚಿನ ಬೆಲೆಯಿದೆ. 2025ರ ಜೂನಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇದೇ ನಮೂನೆಯ ಚಪ್ಪಲಿ ತೊಡಿಸಿ ಮೂಲದ ಹೆಸರು ಹೇಳದೆ ಹೋದಾಗ ಗಡಿಯ ಎರಡೂ ಕಡೆಯಿಂದ ಕೂಗು ಎದ್ದಿತು. ಡಿಸೆಂಬರಿನಲ್ಲಿ ಆ ಕಂಪನಿ ಎರಡೂ ರಾಜ್ಯಗಳ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 1969ರಲ್ಲಿ ಪರಸ್ಪರ ಎದುರಾಗಿದ್ದ ಎರಡು ಗುರುತುಗಳು ಅಲ್ಲಿ ಒಂದೇ ಪಕ್ಷವಾಗಿ ನಿಂತಿದ್ದವು.

ಮುಂಬಯಿಯ ಹಳೆಯ ಸಂಸ್ಥೆಗಳ ಮುಂದೆ ಈಗ ಬೇರೆ ಕಾಲ ನಿಂತಿದೆ. ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಕನ್ನಡದ ಹುಡುಗ ಈಗ ಅಪರೂಪ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. ಸಂಘಗಳ ಸಭಾಗೃಹಗಳು ಕಾರ್ಯಕ್ರಮಕ್ಕೆ ಮೀಸಲಾಗಿವೆ. ಅವುಗಳ ಕೆಲಸ ಮುಗಿಯಿತೆಂದು ಹೇಳುವುದು ಸುಲಭ. ಕಟ್ಟಡ, ಗ್ರಂಥಾಲಯ, ದಫ್ತರ, ಮುಂಬಯಿ ವಿಶ್ವವಿದ್ಯಾಲಯದಲ್ಲೊಂದು ಕನ್ನಡ ವಿಭಾಗ, ಇತ್ತ ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇಷ್ಟೆಲ್ಲ ಕೈಯಲ್ಲಿರುವಾಗ ಮಾಡಬೇಕಾದ ಒಂದು ಕೆಲಸವಂತೂ ಎದುರಿಗೇ ಇದೆ: ಯಾವ ಸಂಘದ ಚಂದಾ ಪುಸ್ತಕದಲ್ಲೂ ಹೆಸರಿಲ್ಲದೆ ಆ ನಗರದಲ್ಲಿ ಬಾಳಿದ ಗಡಿಯ ಕನ್ನಡಿಗರ ಮಾತನ್ನು ಕನ್ನಡದಲ್ಲೋ, ಮರಾಠಿಯಲ್ಲೋ, ಎರಡೂ ಬೆರೆತ ಅವರದೇ ನುಡಿಯಲ್ಲೋ ದಾಖಲಿಸುವುದು. ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದು ಗಿರಣಿಗಳು ನಿಂತಾಗ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಸನಿಹ.